ಗ್ರೀನ್‌ಲ್ಯಾಂಡಿಗೆ ಹೊರಟ ಮಗಳಿಗೊಂದು ಪತ್ರ

ಪುತ್ತೂರು
ಜುಲೈ 20

ಪ್ರೀತಿಯ ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ. ಕಳೆದ ವಾರ ನೀನು ಊರಿಗೆ ಬಂದಾಗ ಮೇಜಿನ ಮೇಲೆ ಬಿಟ್ಟುಹೋದ ಕಾಗದಗಳನ್ನು ಜೋಡಿಸಿಡುವಾಗ, ಗ್ರೀನ್‌ಲ್ಯಾಂಡ್ ಪ್ರವಾಸಕ್ಕಾಗಿ ನೀನು ತುಂಬಿದ ಆರೋಗ್ಯ ವಿವರಗಳ ನಮೂನೆಯ ಪ್ರತಿ ಕಣ್ಣಿಗೆ ಬಿತ್ತು. ಓದಬಾರದಿತ್ತೇನೋ, ಓದಿಬಿಟ್ಟೆ. ಅದರ ಮೂರನೆಯ ಪುಟದಲ್ಲಿ ‘ಹಿಂದೆ ಆಗಿರುವ ಪೆಟ್ಟು, ಮೂಳೆ ಅಥವಾ ಕೀಲಿನ ತೊಂದರೆ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದಿದ್ದೀಯೆ. ಎರಡು ವರ್ಷದ ಹಿಂದೆ ಬ್ಯಾಡ್ಮಿಂಟನ್ ಆಡುವಾಗ ಬಲ ಭುಜದ ಕೀಲು ತಪ್ಪಿ, ವಾರಗಟ್ಟಲೆ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಓಡಾಡಿದ್ದನ್ನು ನೀನು ಮರೆತಿರಲಾರೆ. ಈ ಪತ್ರ ಆ ಒಂದು ಪದಕ್ಕಾಗಿ.

ಹೋಗಬೇಡ ಎನ್ನುವ ಉದ್ದೇಶ ನನಗಿಲ್ಲ. ನೀನು ಹಣ ಕಟ್ಟಿದ ದಿನದಿಂದ ನಾನೂ ಆ ನಾಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಐಸ್‌ಲ್ಯಾಂಡಿನಿಂದ ಕುಲುಸುಕ್ ದ್ವೀಪದ ಪುಟ್ಟ ವಿಮಾನ ನಿಲ್ದಾಣಕ್ಕೆ ಸುಮಾರು ಎರಡು ಗಂಟೆಯ ಹಾರಾಟ. ಅಲ್ಲಿಂದ ಮುಂದಕ್ಕೆ ದೋಣಿ ಅಥವಾ ಹೆಲಿಕಾಪ್ಟರ್. ಆ ಸೀಮೆಯ ದೊಡ್ಡ ಊರಾದ ಟಸೀಲಾಕ್‌ನಲ್ಲಿ ಇರುವುದು ಹೆಚ್ಚುಕಡಿಮೆ 2,000 ಜನ. ಉತ್ತರ ಧ್ರುವವೃತ್ತ ಅಲ್ಲಿಂದ ಬರೀ ನೂರು ಕಿಲೋಮೀಟರ್ ದೂರ. ಊರಿಂದ ಊರಿಗೆ ರಸ್ತೆಯಿಲ್ಲ, ಗುಡ್ಡಗಳ ಮೇಲೆ ಮರವಿಲ್ಲ. ಅಲ್ಲಿನ ವಿಲೋ ಗಿಡ ಗಾಳಿಗೆ ಹೆದರಿ ನೆಲಕ್ಕೆ ಒರಗಿಕೊಂಡು ಪಾದದ ಎತ್ತರಕ್ಕಷ್ಟೇ ಬೆಳೆಯುತ್ತದಂತೆ. ಸೆರ್ಮಿಲಿಕ್ ಎಂಬ ಕಡಲ ಸೀಳಿನ ತುದಿಯಲ್ಲಿ ಹೆಲ್‌ಹೈಮ್ ಹಿಮನದಿ ಮುರಿದು ಬಿದ್ದು, ಮನೆಯಷ್ಟು, ದೇವಸ್ಥಾನದಷ್ಟು ದೊಡ್ಡ ಹಿಮಬಂಡೆಗಳಾಗಿ ತೇಲಿ ಬರುವ ಚಿತ್ರಗಳನ್ನು ನಿನ್ನ ಅಮ್ಮನಿಗೂ ತೋರಿಸಿದೆ. ಅವಳು ಬಹಳ ಹೊತ್ತು ನೋಡುತ್ತಾ ಕುಳಿತಿದ್ದಳು.

ಆದರೆ ನನ್ನ ಮನಸ್ಸು ನಿಂತದ್ದು ಈ ಪ್ರವಾಸದಲ್ಲಿ ನೀನು ಹುಟ್ಟು ಹಾಕಿ ನಡೆಸಲಿರುವ ಕಯಾಕ್ ಎಂಬ ಕಿರಿದಾದ ದೋಣಿಯ ಮೇಲೆ. ಆ ಹೆಸರೂ ಆ ದೋಣಿಯೂ ಅಲ್ಲಿನ ಇನುಯಿಟ್ ಜನರಿಂದಲೇ ಜಗತ್ತಿಗೆ ಬಂದವು. ಮರವೇ ಇಲ್ಲದ ನಾಡಿನಲ್ಲಿ ದೋಣಿಗೆ ಮರ ಎಲ್ಲಿಂದ ಬಂತು ಎಂದು ಹುಡುಕಿದರೆ, ಸೈಬೀರಿಯದ ನದಿಗಳಲ್ಲಿ ಕೊಚ್ಚಿಹೋದ ದಿಮ್ಮಿಗಳು ಸಮುದ್ರ ಸೇರಿ, ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ವರ್ಷಗಟ್ಟಲೆ ತೇಲಿ, ಆರ್ಕ್ಟಿಕ್ ಸಾಗರವನ್ನೇ ದಾಟಿ ಪೂರ್ವ ಗ್ರೀನ್‌ಲ್ಯಾಂಡಿನ ದಡಕ್ಕೆ ಬಂದು ಬೀಳುತ್ತಿದ್ದವು ಎಂದು ತಿಳಿಯಿತು. ಆ ಮರದಿಂದ ಗಂಡಸರು ಚೌಕಟ್ಟು ಕಟ್ಟುತ್ತಿದ್ದರು. ಹೆಂಗಸರು ಅದಕ್ಕೆ ಸೀಲ್ ತೊಗಲನ್ನು ಹೊದಿಸಿ, ಸೂಜಿ ತೊಗಲಿನ ಆಚೆ ಬದಿಗೆ ತೂರದಂತೆ, ಒಂದು ಹನಿ ನೀರೂ ಒಳಗೆ ಬಾರದಂತೆ ಹೊಲಿಯುತ್ತಿದ್ದರು. ಅಳತೆಗೆ ಬೇರೆ ಮಾಪಕವಿರಲಿಲ್ಲ. ಬೇಟೆಗಾರನ ಎತ್ತರ, ಅವನ ಸೊಂಟದ ಅಗಲ, ಅವನ ಕೈಯ ಗೇಣು ಇವೇ ದೋಣಿಯ ಅಳತೆ. ದರ್ಜಿಯ ಮುಂದೆ ನಿಂತವನು ತನ್ನ ಮೈಯನ್ನು ಮುಚ್ಚಿಡಲಾಗದಂತೆ, ಆ ದೋಣಿಗೂ ಅದರ ಒಡೆಯನ ಮೈ ಪೂರ್ತಿಯಾಗಿ ಗೊತ್ತಿರುತ್ತಿತ್ತು.

ನಿನಗೆ ಕೊಡುವ ಕಯಾಕ್ ಹಾಗಲ್ಲ. ಅದು ಯಾರು ಬೇಕಾದರೂ ಕೂರಬಹುದಾದ ಕಾರ್ಖಾನೆಯ ದೋಣಿ, ನಿನ್ನ ಮೈಯ ಕುರಿತು ಅದಕ್ಕೇನೂ ತಿಳಿಯದು. ತಿಳಿದಿರಬೇಕಾದವರು ನಿಮ್ಮ ಮಾರ್ಗದರ್ಶಿ, ಅವರಿಗೆ ಅದನ್ನು ಹೇಳಬೇಕಾದವಳು ನೀನು.

ಹುಟ್ಟು ಹಾಕುವಾಗ ಕೈ ತಲೆಯಿಂದ ಮೇಲಕ್ಕೆ, ಬೆನ್ನಿನ ಹಿಂದಕ್ಕೆ ಹೋದ ಗಳಿಗೆಯಲ್ಲಿ ಅಲೆಯೊಂದು ಹುಟ್ಟನ್ನು ಎಳೆದರೆ ಭುಜದ ಕೀಲು ತಪ್ಪುತ್ತದೆ. ಕಯಾಕ್ ನಡೆಸುವವರು ಬಹಳವಾಗಿ ಅಂಜುವ ಪೆಟ್ಟು ಅದೇ. ಒಮ್ಮೆ ತಪ್ಪಿದ ಕೀಲು, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಮತ್ತೆ ತಪ್ಪುವುದು ಸಾಮಾನ್ಯ ಎಂದು ಅಂದಿನ ವೈದ್ಯರು ನನ್ನ ಎದುರಿಗೇ ನಿನಗೆ ಹೇಳಿದ್ದರು. ಪುತ್ತೂರಿನ ಆಟದ ಅಂಗಳದಲ್ಲಿ ತಪ್ಪಿದಾಗ ಆಸ್ಪತ್ರೆ ಹತ್ತು ನಿಮಿಷದ ದಾರಿಯಲ್ಲಿತ್ತು. ಗ್ರೀನ್‌ಲ್ಯಾಂಡಿನ ಕಡಲಲ್ಲಿ ನೀರಿನ ಉಷ್ಣತೆ ಸೊನ್ನೆಗಿಂತ ಕೆಲವೇ ಡಿಗ್ರಿ ಹೆಚ್ಚು. ತಣ್ಣೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಎಚ್ಚರ ತಪ್ಪುವ ತನಕ ಒಂದು ಗಂಟೆ ಎಂದು ಕಯಾಕ್ ನಡೆಸುವವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಆ ಹತ್ತು ನಿಮಿಷದಲ್ಲಿ ದೋಣಿಯ ಮೇಲೆ ಮತ್ತೆ ಹತ್ತಲು ಎರಡು ಕೈಗಳೂ ಬೇಕು, ಮಗಳೇ. ಮಂಜು ಕವಿದರೆ ಹೆಲಿಕಾಪ್ಟರೂ ಬರಲಾರದು.

1932ರ ಆಗಸ್ಟ್ 20ರಂದು ಅದೇ ಕರಾವಳಿಯಲ್ಲಿ ಗೀನೊ ವಾಟ್ಕಿನ್ಸ್ ಎಂಬ ಇಂಗ್ಲಿಷ್ ಅನ್ವೇಷಕ ಒಬ್ಬನೇ ಕಯಾಕ್ ಹತ್ತಿ ಸೀಲ್ ಬೇಟೆಗೆ ಹೋದ. ಅಲ್ಲಿನ ಜನರಿಂದಲೇ ಕಯಾಕ್ ವಿದ್ಯೆ ಕಲಿತವನು, ಮಗುಚಿದ ದೋಣಿಯನ್ನು ಒಳಗೆ ಕುಳಿತೇ ನೆಟ್ಟಗೆ ಮಾಡಬಲ್ಲವನು, ವಯಸ್ಸು 25. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಏನಾಯಿತೆಂದು ನೋಡಿದವರಿಲ್ಲ. ನಿನಗೂ ಈಗ 25 ಎಂಬುದು ಓದುವಾಗ ನೆನಪಾಯಿತು. ನೀನು ಒಬ್ಬಳೇ ಹೋಗುತ್ತಿಲ್ಲ, ಅದು ನನ್ನ ದೊಡ್ಡ ಸಮಾಧಾನ. ಆದರೆ ಜೊತೆಯಲ್ಲಿರುವವರಿಗೆ ನಿನ್ನ ಸ್ಥಿತಿ ತಿಳಿಯದಿದ್ದರೆ ಆ ಜೊತೆಯ ಅರ್ಧ ಪ್ರಯೋಜನ ಹೋದಂತೆಯೇ.

ಕುಮಾರಪರ್ವತ ಹತ್ತಿದ್ದು ನೆನಪಿದೆಯೇ? ನಿನಗಾಗ ಹದಿನಾಲ್ಕು. ಕುಕ್ಕೆಯಿಂದ ಗಿರಿಗದ್ದೆಯವರೆಗೆ ನೀನು ಒಂದು ಮಾತೂ ಆಡದೆ ಎಲ್ಲರಿಗಿಂತ ಮುಂದೆ ನಡೆದೆ. ಹುಡುಗಿ ಎಷ್ಟು ಗಟ್ಟಿಗಿತ್ತಿ ಎಂದು ನಾನು ಹಿಂದಿನಿಂದ ಬೀಗುತ್ತಾ ಬಂದೆ. ಗಿರಿಗದ್ದೆಯಲ್ಲಿ ಬೂಟು ಬಿಚ್ಚಿದಾಗ ಹಿಮ್ಮಡಿಯ ಬೊಕ್ಕೆ ಎಂದೋ ಒಡೆದು, ಕಾಲುಚೀಲ ಹಸಿ ಚರ್ಮಕ್ಕೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರು ಹನಿಸಿ ಹನಿಸಿ ಎಳೆ ಎಳೆಯಾಗಿ ಬಿಡಿಸಿದೆ. ಯಾಕೆ ಹೇಳಲಿಲ್ಲ ಎಂದರೆ, ‘ಹೇಳಿದ್ದರೆ ವಾಪಸು ಕರೆದುಕೊಂಡು ಹೋಗುತ್ತಿದ್ದಿರಿ ಅಪ್ಪ’ ಎಂದೆ. ಅಂದು ನಾನು ಬೈಯಲಿಲ್ಲ. ಊರಿಗೆ ಬಂದ ಮೇಲೆ ನಾಲ್ಕು ಜನರ ಮುಂದೆ ನಿನ್ನ ಸಹನೆಯನ್ನು ಹೊಗಳಿದೆ. ಮೂರನೆಯ ಪುಟದ ‘ಇಲ್ಲ’ ನೋಡಿದಾಗ, ಅದನ್ನು ಬರೆಯಲು ಕಲಿಸಿದವನು ನಾನೇ ಎನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ನಡಿಗೆಯ ದಿನಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹಿಮ ಕರಗಿ ಹರಿಯುವ ಹೊಳೆಗಳು ಬೆಳಿಗ್ಗೆ ಇಳಿದು ಮಧ್ಯಾಹ್ನದ ಮೇಲೆ ಏರುತ್ತವೆ, ಅದರಿಂದ ಮುಂಜಾನೆಯೇ ದಾಟಿಸುತ್ತಾರೆ. ದಾಟುವಾಗ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ. ರಾತ್ರಿ ಹಿಮಕರಡಿಗಾಗಿ ಸರದಿಯ ಮೇಲೆ ಕಾವಲಿರಬೇಕಾದೀತು. ಕಾವಲಿನಲ್ಲಿ ಮೈ ನಡುಗಿದರೆ, ಮಾತು ತೊದಲಿದರೆ, ಜಿಪ್ ಎಳೆಯಲು ಬೆರಳು ಬಾರದಿದ್ದರೆ ಪಕ್ಕದವರನ್ನು ಎಬ್ಬಿಸು. ಚಳಿ ಏರಿದವರು ಮೊದಲು ಮೌನವಾಗುತ್ತಾರಂತೆ, ನೀನೋ ಮೊದಲೇ ಮೌನಿ.

ನಿಜ ಹೇಳಿದರೆ ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆ ನಿನ್ನದು. ಇಬ್ಬರು ಕೂರುವ ಕಯಾಕ್‌ಗಳಿವೆ; ನಿನ್ನನ್ನು ಅದರಲ್ಲಿ ಕೂರಿಸಿಯಾರು, ಗಾಳಿ ಎದ್ದ ದಿನ ಗುಂಪಿನ ನಡುವೆ ಇಟ್ಟುಕೊಂಡಾರು, ಮೊಣಕೈಯನ್ನು ಮೈಗೆ ಹತ್ತಿರವಿಟ್ಟು ಹುಟ್ಟು ಹಾಕುವುದನ್ನು ಮೊದಲ ದಿನವೇ ಬಿಡದೆ ಕಲಿಸಿಯಾರು. ವೈದ್ಯರ ಚೀಟಿ ಬೇಕೆಂದರೆ ಇಲ್ಲಿಂದ ಕಳುಹಿಸುತ್ತೇನೆ. ಒಂದು ವೇಳೆ ಈ ವರ್ಷ ಬೇಡವೆಂದರೆ, ಕಟ್ಟಿದ ಹಣದಲ್ಲಿ ಹೋದಷ್ಟು ಹೋಗಲಿ, ಮುಂದಿನ ಆಗಸ್ಟಿಗೆ ಅದನ್ನು ನಾನು ಕೊಡುತ್ತೇನೆ.

ನಮೂನೆಯ ಹೊಸ ಪ್ರತಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಮೂರನೆಯ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ನಿನ್ನ ಕೈಯಾರೆ ತುಂಬಿ ಕಳುಹಿಸು. ಕಳುಹಿಸಿದ ದಿನ ನನಗೊಂದು ಫೋನು ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ಇಂತು ನಿನ್ನ
ಅಪ್ಪ