ಕ್ಯಾಂಪರ್ ಹಗುರ ಇರಬಹುದು, ಎಳೆಯುವ ಗಾಡಿ ಹಳೆಯದು

ಮಾನ್ಯ ಸಂಪಾದಕರಿಗೆ,

ಹಳೆಯ ಎಸ್‌ಯುವಿಗೆ ಹಗುರವಾದ ಕ್ಯಾಂಪರ್ (ಮಲಗಲು, ಅಡುಗೆ ಮಾಡಲು ಜಾಗವಿರುವ, ಎಳೆದುಕೊಂಡು ಹೋಗುವ ಚಕ್ರದ ಮನೆ) ಕಟ್ಟಿಕೊಂಡು ಪ್ರವಾಸ ಹೋಗುವ ಬಗ್ಗೆ ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಮನೆಮಂದಿಯೆಲ್ಲ ಕೂತು ಓದಿದೆವು. ಖುಷಿಯಿಂದ ಬರೆದ ಲೇಖನ. ಆದರೆ ಕ್ಯಾಂಪರಿನ ತೂಕ ಕಡಿಮೆಯಿದ್ದರೆ ಯಾವ ಹಳೆಯ ಎಸ್‌ಯುವಿಯಾದರೂ ನಡೆಯುತ್ತದೆ, ಹಿಂದೆ ಒಂದು ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕಬ್ಬಿಣ, ಹಾಕಿಸಿದರೆ ಮುಗಿಯಿತು ಎಂಬ ಅರ್ಥದ ಮಾತು ಅದರಲ್ಲಿತ್ತು. ಆ ಒಂದು ಮಾತಿಗಾಗಿ ಈ ಪತ್ರ. ಮೂರು ವರ್ಷದ ಹಿಂದೆ ನಾವೂ ಹಾಗೆಯೇ ನಂಬಿ ಹೊರಟಿದ್ದೆವು.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ಮನೆಯಲ್ಲಿ ಗಾಡಿ ಓಡಿಸುವುದು ಹೆಚ್ಚಾಗಿ ನಾನೇ. ನಮ್ಮದು 2009ರ ಡೀಸೆಲ್ ಎಸ್‌ಯುವಿ, ಆಟೋಮ್ಯಾಟಿಕ್ ಗೇರು, ಅಡಿಯಲ್ಲಿ ಏಣಿಯಂಥ ಚಾಸಿ ಇರುವ ಹಳೆಯ ಕಾಲದ ಗಾಡಿ. ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಕೆ.ಜಿ. ಎಳೆಯಬಹುದು, ಹಿಚ್ಚಿನ ಮೇಲೆ 75 ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದು ಎಂದು ಅದರ ಕೈಪಿಡಿಯಲ್ಲಿದೆ. ಕ್ಯಾಂಪರ್ ಮಾರಿದವರು ಹೇಳಿದ ತೂಕ 520 ಕೆ.ಜಿ. ಇನ್ನೇನು ಯೋಚನೆ ಅಂದುಕೊಂಡೆವು.

ಮೊದಲ ಪ್ರವಾಸದ ಎರಡನೇ ದಿನ, ಉದ್ದನೆಯ ಒಂದು ಇಳಿಜಾರಿನಲ್ಲಿ ಗಂಟೆಗೆ 85 ಕಿ.ಮೀ. ವೇಗದಲ್ಲಿದ್ದೆವು. ದೊಡ್ಡ ಬಸ್ಸೊಂದು ಪಕ್ಕದಲ್ಲಿ ದಾಟಿಕೊಂಡು ಮುಂದೆ ಹೋಯಿತು. ಅದರ ಗಾಳಿಗೆ ಕ್ಯಾಂಪರ್ ಮೊದಲು ಅತ್ತ ಸರಿಯಿತು, ಆಮೇಲೆ ಇತ್ತ. ಎರಡನೇ ಸಲದ ಹೊಯ್ದಾಟ ಮೊದಲನೆಯದಕ್ಕಿಂತ ಜೋರು, ಮೂರನೆಯದು ಅದಕ್ಕಿಂತ ಜೋರು. ಗಾಡಿಯ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಎಡಗಡೆಯ ಕನ್ನಡಿಯಲ್ಲಿ ಕ್ಯಾಂಪರಿನ ಪೂರ್ತಿ ಪಕ್ಕೆ ಕಾಣಿಸಿತು, ಮರುಕ್ಷಣ ಬಲಗಡೆಯ ಕನ್ನಡಿಯಲ್ಲಿ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಹೊಯ್ದಾಟ ಇನ್ನೂ ಹೆಚ್ಚಾಯಿತು. ಹಿಂದಿನ ಸೀಟಿನಲ್ಲಿದ್ದ ಚಿಕ್ಕವಳು “ಅಮ್ಮಾ” ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ನಮ್ಮ ಯಜಮಾನರು “ಬ್ರೇಕ್ ಬಿಡು, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿ” ಅಂದರು. ಕಾಲು ತೆಗೆದೆ, ಆಕ್ಸಿಲರೇಟರನ್ನೂ ಬಿಟ್ಟೆ, ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸದೆ ನೇರ ಹಿಡಿದೆ. ವೇಗ 60ಕ್ಕೆ ಇಳಿಯುವ ಹೊತ್ತಿಗೆ ಎಲ್ಲ ನಿಂತಿತು. ಎದುರಿನಿಂದ ಆ ಹೊತ್ತಿನಲ್ಲಿ ಯಾವ ವಾಹನವೂ ಬರಲಿಲ್ಲ, ಅಷ್ಟೇ ನಮ್ಮ ಪುಣ್ಯ.

ಮಾರನೆಯ ದಿನ ತುಂಬಿದ ಕ್ಯಾಂಪರನ್ನು ಲಾರಿ ತೂಗುವ ವೇಬ್ರಿಡ್ಜ್ ಹತ್ತಿಸಿದೆವು. ತೂಕ 710 ಕೆ.ಜಿ. ಬಂತು. ಮಾರಿದವರು ಹೇಳಿದ್ದು ಖಾಲಿ ಕ್ಯಾಂಪರಿನ ತೂಕ. 60 ಲೀಟರ್ ನೀರು ಅಂದರೆ 60 ಕೆ.ಜಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ, ಬಿಚ್ಚಿ ಕಟ್ಟುವ ಚಪ್ಪರ, ಹಿಂದೆ ನೇತುಹಾಕಿದ ಮಕ್ಕಳ ಎರಡು ಸೈಕಲ್ಲು. ಆದರೂ 710 ಎನ್ನುವುದು ಕೈಪಿಡಿಯ ಮಿತಿಯ ಒಳಗೇ ಇತ್ತು. ತಪ್ಪು ಬೇರೆ ಕಡೆ ಇತ್ತು.

ಟ್ರೇಲರಿನ ಮುಂದಕ್ಕೆ ಚಾಚಿರುವ ಎಳೆಗೋಲನ್ನು ನಾನು ಮೂಕಿ ಎಂದೇ ಕರೆಯುತ್ತೇನೆ. ಎತ್ತಿನ ಗಾಡಿಯ ಆ ಹಳೆಯ ಪದಕ್ಕಿಂತ ಒಳ್ಳೆಯದು ಇದಕ್ಕೆ ಸಿಗಲಿಲ್ಲ, ಮುಂಭಾರ ಹಿಂಭಾರ ಎಂಬ ಮಾತೂ ಅಲ್ಲಿಯದೇ. ಮೂಕಿಯ ತುದಿಯ ಕೊಂಡಿ ಹಿಚ್ಚಿನ ಗುಂಡನ್ನು ಎಷ್ಟು ಒತ್ತುತ್ತದೆ ಎನ್ನುವುದು ಒಟ್ಟು ತೂಕದಷ್ಟೇ ಮುಖ್ಯ. ಅಮೆರಿಕದಲ್ಲಿ ಟ್ರೇಲರಿನ ತೂಕದ ನೂರಕ್ಕೆ 10ರಿಂದ 15ರಷ್ಟು ಇರಲಿ ಅನ್ನುತ್ತಾರೆ, ಯುರೋಪಿನಲ್ಲಿ ಸ್ವಲ್ಪ ಕಡಿಮೆ, 5ರಿಂದ 7ರಷ್ಟು. ಯಾರ ಲೆಕ್ಕ ಹಿಡಿದರೂ ಕೈಪಿಡಿ ಕೊಟ್ಟ ಗರಿಷ್ಠ ಮಿತಿಯನ್ನು ದಾಟುವ ಹಾಗಿಲ್ಲ. ಮನೆಯಲ್ಲಿ ಮೈತೂಕ ನೋಡುವ ಮಿಷನ್ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಕೊಂಡಿ ಗುಂಡಿನ ಎತ್ತರಕ್ಕೆ ಬರುವಂತೆ ಮಾಡಿ ಅದರ ಮೇಲೆ ಕೂರಿಸಿ ನೋಡಿದೆವು. 28 ಕೆ.ಜಿ. ಅಂದರೆ ನೂರಕ್ಕೆ 4 ಕೂಡ ಇಲ್ಲ.

ಇದು ಏಕೆ ಹೀಗಾಯಿತೆಂದು ಬಿಡಿಸಲು ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಪಾಠ ಸಾಕು. ಚಕ್ರದ ಅಚ್ಚೇ ಆನಿಕೆ, ಅಂದರೆ ಸನ್ನೆಗೋಲು ಆತುಕೊಳ್ಳುವ ಜಾಗ. ನಮ್ಮ ಕ್ಯಾಂಪರಿನಲ್ಲಿ ಕೊಂಡಿ ಅಚ್ಚಿನಿಂದ 3 ಮೀಟರ್ ಮುಂದಿದೆ. 34 ಕೆ.ಜಿ. ತೂಗುವ ಎರಡು ಸೈಕಲ್ಲು ಅಚ್ಚಿನಿಂದ 2 ಮೀಟರ್ ಹಿಂದೆ ನೇತಾಡುತ್ತಿದ್ದವು. 34ನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿ: ಸುಮಾರು 23 ಕೆ.ಜಿ. ಭಾರವನ್ನು ಆ ಸೈಕಲ್ಲುಗಳು ಮೂಕಿಯ ತುದಿಯಿಂದ ಎತ್ತಿಬಿಟ್ಟಿದ್ದವು. ನೀರಿನ ಟ್ಯಾಂಕ್ ಅಚ್ಚಿನಿಂದ 1 ಮೀಟರ್ ಹಿಂದೆ, ಅದು ಎತ್ತಿದ್ದು ಇನ್ನೊಂದು 20 ಕೆ.ಜಿ. ಸೈಕಲ್ಲು ಬಿಚ್ಚಿ ಗಾಡಿಯ ತಲೆಯ ಮೇಲೆ ಕಟ್ಟಿದೆವು, ಟ್ಯಾಂಕ್ ಖಾಲಿ ಮಾಡಿದೆವು. ಒಟ್ಟು ತೂಕ 616ಕ್ಕೆ ಇಳಿಯಿತು, ಮೂಕಿಯ ಭಾರ 71ಕ್ಕೆ ಏರಿತು. ಈಗ ನೀರು ತುಂಬುವುದು ತಂಗುವ ಜಾಗ ಮುಟ್ಟಿದ ಮೇಲೆ. ಆ ಇಳಿಜಾರಿನಲ್ಲಿ ಮತ್ತೆ ಮೂರು ಸಲ ಇಳಿದಿದ್ದೇವೆ, ಈಗ 70ರಲ್ಲಿ, ಕೆಳಗಿನ ಗೇರಿನಲ್ಲಿ. ದೊಡ್ಡ ಲಾರಿ ದಾಟಿದರೂ ಕ್ಯಾಂಪರ್ ಒಮ್ಮೆ ಅಲುಗಿ ಸುಮ್ಮನಾಗುತ್ತದೆ.

ಹಿಂಭಾರವಾದ ಟ್ರೇಲರ್ ಒಂದು ವೇಗದವರೆಗೆ ಸಾಧುವಾಗಿರುತ್ತದೆ, ಅದನ್ನು ದಾಟಿದರೆ ಸಣ್ಣ ತೂಗಾಟ ತಾನಾಗಿ ಸಾಯುವ ಬದಲು ಬೆಳೆಯುತ್ತದೆ. ಗಾಡಿಗೆ ಬ್ರೇಕ್ ಹಾಕಿದರೆ ಹಿಂದಿರುವುದು ಮುಂದಿರುವುದನ್ನು ತಳ್ಳುತ್ತದೆ. ಟ್ರೇಲರಿಗೇ ಕೈಯಿಂದ ಹಾಕುವ ಎಲೆಕ್ಟ್ರಿಕ್ ಬ್ರೇಕ್ ಇದ್ದವರು ಅದನ್ನು ಮಾತ್ರ ಮೆಲ್ಲಗೆ ಹಾಕಿ ಎಳೆತ ನೇರ ಮಾಡಬಹುದು. ನಮ್ಮಲ್ಲಿ ಅದು ಇರಲಿಲ್ಲ.

ಮೂಕಿಯ ಭಾರ ಗಾಡಿಗೆ ಬಿದ್ದಾಗ ಅಲ್ಲೂ ಇದೇ ಸನ್ನೆ. ನಮ್ಮ ಹಿಚ್ ಹಿಂದಿನ ಅಚ್ಚಿನಿಂದ 1.1 ಮೀಟರ್ ಹೊರಗಿದೆ, ಎರಡು ಅಚ್ಚಿನ ನಡುವಿನ ದೂರ 2.7 ಮೀಟರ್. 71 ಕೆ.ಜಿ. ಹಿಂದಿನ ಅಚ್ಚಿಗೆ 100 ಆಗಿ ಬೀಳುತ್ತದೆ, ಮುಂದಿನ ಅಚ್ಚಿನಿಂದ 29 ಕೆ.ಜಿ. ಎತ್ತುತ್ತದೆ. ಅಂದರೆ ಸ್ಟಿಯರಿಂಗ್ ಹಗುರವಾಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹದಿನೈದು ವರ್ಷ ದುಡಿದು ಕುಗ್ಗಿದ ಸ್ಪ್ರಿಂಗ್ ಇದ್ದರೆ ಇನ್ನೂ ಹೆಚ್ಚು. ನಾವು ಹಿಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸಿದೆವು. ಒಂದನ್ನು ಒತ್ತಿ ಹೇಳಬೇಕು: ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸಿದರೆ ಗಾಡಿಯ ನಿಲುವು ಸರಿಹೋಗುತ್ತದೆ, ಹೊರುವ ಮಿತಿ ಹೆಚ್ಚುವುದಿಲ್ಲ. ಹೆಚ್ಚುತ್ತದೆಂದು ಹೇಳಿ ಮಾರುವವರನ್ನು ನಾನೇ ನೋಡಿದ್ದೇನೆ. ಚಾಸಿ, ಅಚ್ಚು, ಬೇರಿಂಗ್, ಟೈರು, ಬ್ರೇಕ್ ಎಲ್ಲ ಹಳೆಯವೇ ಅಲ್ಲವೇ?

ನಮ್ಮ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಅಡಿಗೆ ಮಲಗಿ, ಹಿಚ್ಚಿನ ಬೋಲ್ಟು ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ ತೋರಿಸಿದರು. ಹೊರಗಿನಿಂದ ಕಪ್ಪು ಬಣ್ಣ ನುಣ್ಣಗಿತ್ತು. ಒತ್ತಿದಲ್ಲಿ ಬಣ್ಣ ಸಿಡಿದು, ಹಪ್ಪಳದ ಹಾಗೆ ಪದರ ಪದರವಾಗಿ ತುಕ್ಕು ಅವರ ಎದೆಯ ಮೇಲೆ ಉದುರಿತು. ಪುಣ್ಯಕ್ಕೆ ಒಳಗಿನ ಕಬ್ಬಿಣ ಗಟ್ಟಿಯಿತ್ತು. ಉಜ್ಜಿ, ಬಣ್ಣ ಹೊಡೆದು, ಹೊಸ ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿದರು. ಮೊದಲು ಹಿಚ್ ಹಾಕಿದವರು ಆ ಬಣ್ಣದ ಮೇಲೆಯೇ ಬೋಲ್ಟು ಬಿಗಿದು ಕಳಿಸಿದ್ದರು. “ಎಳೆಯೋದು ಯಾವ ಗಾಡಿಯಾದ್ರೂ ಎಳೀತದೆ ಅಕ್ಕಾ, ನಿಲ್ಸೋದನ್ನ ನೋಡ್ಕೊಳ್ಳಿ” ಅಂದರು ನಮ್ಮ ಮೆಕ್ಯಾನಿಕ್.

ಹಾಗಾಗಿ ಆಮೇಲಿನ ಖರ್ಚೆಲ್ಲ ಮೊದಲು ಬ್ರೇಕಿಗೆ ಹೋಯಿತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155 ಡಿಗ್ರಿ, ಡಾಟ್ 3 ಆದರೆ 140. ಉದ್ದನೆಯ ಇಳಿಜಾರಿನಲ್ಲಿ ಹಿಂದಿನಿಂದ ಆರುನೂರು ಕೆ.ಜಿ. ತಳ್ಳುತ್ತಿರುವಾಗ ಹಳೆಯ ಆಯಿಲ್ ಕುದಿದು ಗುಳ್ಳೆಯೆದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಿಸ್ಕು, ಪ್ಯಾಡು, ಹಿಂದಿನ ಡ್ರಮ್ಮಿನ ಶೂ ಎಲ್ಲ ಬಿಚ್ಚಿ ನೋಡಿಸಿ. ಯುರೋಪಿನ ನಿಯಮದಲ್ಲಿ 750 ಕೆ.ಜಿ. ಒಳಗಿನ ಟ್ರೇಲರಿಗೆ ಬ್ರೇಕ್ ಕಡ್ಡಾಯವಲ್ಲ. ನಮ್ಮ ಕೈಪಿಡಿಯೂ ಅದನ್ನೇ ಹೇಳುತ್ತದೆ. ಆದರೂ ಗಾಡಿ ನಿಧಾನಿಸಿದಾಗ ಮೂಕಿ ಒಳಕ್ಕೆ ಒತ್ತಿಕೊಂಡು ತನ್ನ ಚಕ್ರಕ್ಕೆ ತಾನೇ ಬ್ರೇಕ್ ಹಾಕಿಕೊಳ್ಳುವ ಓವರ್‌ರನ್ ಬ್ರೇಕಿನ ಅಚ್ಚನ್ನು ನಾವು ಹಾಕಿಸಿದೆವು. ಮಿತಿ ಬರೆದದ್ದು ಗಾಡಿ ಹೊಸದಿದ್ದಾಗ. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಆಟೋಮ್ಯಾಟಿಕ್ ಗೇರು ಇರುವವರು ಅದರ ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ. ಕೆಂಪಗೆ ತಿಳಿಯಾಗಿರಬೇಕು. ನಮ್ಮದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಭಾರ ಎಳೆಯುವಾಗ ಗೇರ್‌ಬಾಕ್ಸನ್ನು ಕೊಲ್ಲುವುದು ಬಿಸಿ. ರೇಡಿಯೇಟರಿನ ಮುಂದೆ ಆಯಿಲಿಗೆಂದೇ ಒಂದು ಸಣ್ಣ ಕೂಲರ್ ಕೂರಿಸಿದ್ದೇವೆ, ಏರಿನಲ್ಲಿ ಓವರ್‌ಡ್ರೈವ್ ಎಂಬ ಮೇಲಿನ ಗೇರನ್ನು ಬಂದ್ ಮಾಡುತ್ತೇನೆ. ರೇಡಿಯೇಟರ್, ಥರ್ಮೋಸ್ಟಾಟ್, ಹೋಸ್ ಪೈಪುಗಳು, ಫ್ಯಾನಿನ ಕ್ಲಚ್ಚು, ಇವೂ ಹಳೆಯವಾಗಿದ್ದರೆ ಎಲ್ಲಕ್ಕೂ ಮೊದಲು ತಿಳಿಯುವುದು ಏರಿನಲ್ಲೇ. ಹಗುರವಾದ ಕ್ಯಾಂಪರಾದರೂ ನಿಲುವು ಎತ್ತರ, ಗಾಳಿಗೆ ಎದೆಕೊಟ್ಟು ನಿಲ್ಲುತ್ತದೆ. 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇದನ್ನು ವೇಬ್ರಿಡ್ಜ್ ತೋರಿಸುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1811 ಅಂತಿದ್ದರೆ 2011ರ 18ನೇ ವಾರದ್ದು. ಕ್ಯಾಂಪರ್ ನಿಂತಿರುವುದೇ ಹೆಚ್ಚು, ಆದ್ದರಿಂದ ಗೆರೆ ಹೊಸದಾಗಿಯೇ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಚಕ್ರದ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ. ಮೊದಲ 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿದು, ಹಬ್ಬಿನ ಹತ್ತಿರ ಕೈ ಒಡ್ಡಿ ನೋಡಿ. ಒಂದು ಕಡೆ ಇನ್ನೊಂದಕ್ಕಿಂತ ಬಿಸಿ ಇದ್ದರೆ ಮುಂದಕ್ಕೆ ಹೋಗಬೇಡಿ.

ಇನ್ನು ದೀಪದ ವಿಷಯ. ಒಂದು ಸಂಜೆ ನಾನು ಬ್ರೇಕ್ ಒತ್ತಿದಾಗಲೆಲ್ಲ ಕ್ಯಾಂಪರಿನ ಬಲಗಡೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು ಎಂದು ಹಿಂದೆ ನಿಂತಿದ್ದ ಮಗ ಹೇಳಿದ. ಬಲ್ಬು ಬದಲಿಸಿದೆವು, ಹಾಗೆಯೇ. ತಪ್ಪು ಅರ್ಥಿಂಗಿನಲ್ಲಿತ್ತು. ಅರ್ಥ್ ತಂತಿಯನ್ನು ಬಣ್ಣದ ಮೇಲೆ ಸ್ಕ್ರೂ ಮಾಡಿದ್ದರು. ಬ್ರೇಕ್ ದೀಪದ ಕರೆಂಟು ವಾಪಸು ಹೋಗಲು ದಾರಿಯಿಲ್ಲದೆ ಇಂಡಿಕೇಟರಿನ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡಿತ್ತು. ಮರಳು ಕಾಗದದಲ್ಲಿ ಆ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ, ಪ್ಲಗ್ಗಿನಿಂದಲೇ ಬೇರೆ ದಪ್ಪ ತಂತಿ ಎಳೆದ ಮೇಲೆ ಸರಿಯಾಯಿತು. ಹಳೆಯ ಗಾಡಿಯ ವೈರಿಂಗ್ ತನ್ನ ದೀಪಗಳಿಗಷ್ಟೇ ಮಾಡಿದ್ದು. ಕ್ಯಾಂಪರಿನ ದೀಪಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ಬೇರೆ ಲೈನು, ರಿಲೇ ಕೊಡಿಸಿ. ಸುರಕ್ಷತೆಯ ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಕತ್ತರಿಯ ಹಾಗೆ ಅಡ್ಡ ಹಾಕಿದರೆ, ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಮೂತಿ ಊರುವುದಿಲ್ಲ.

ಸಂಪಾದಕರೇ, ಹಳೆಯ ಗಾಡಿ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮದರಲ್ಲಿ ಈಗ ನೆಮ್ಮದಿಯಿಂದ ಓಡಾಡುತ್ತಿದ್ದೇವೆ, ಅದನ್ನು ಮಾರುವ ಯೋಚನೆಯಿಲ್ಲ. ನಿಮ್ಮ ಲೇಖನ ಓದಿ ಈ ರಜೆಯಲ್ಲಿ ಹೊರಡಲು ಗಂಟುಮೂಟೆ ಕಟ್ಟುತ್ತಿರುವ ಮನೆಗಳಿರುತ್ತವೆ. ಮುಂದಿನ ಭಾನುವಾರ ಅದೇ ಜಾಗದಲ್ಲಿ ಮೂರು ಅಂಕಿಗಳ ಬಗ್ಗೆ ಬರೆಯಿರಿ: ತುಂಬಿದ ಕ್ಯಾಂಪರಿನ ತೂಕ, ಮೂಕಿಯ ಮೇಲಿನ ಭಾರ, ಜನ ಸಾಮಾನು ಎಲ್ಲ ಸೇರಿ ಗಾಡಿ ಹೊರುತ್ತಿರುವ ಒಟ್ಟು ಭಾರ. ಮೂರನೆಯದನ್ನು ನಾವೂ ಮರೆತಿದ್ದೆವು. ನಮ್ಮ ಗಾಡಿ ಹೊರಬಹುದಾದದ್ದು 520 ಕೆ.ಜಿ. ನಾಲ್ಕು ಜನ 260, ಡಿಕ್ಕಿಯ ಸಾಮಾನು 90, ಹಿಚ್ಚಿನ ಕಬ್ಬಿಣ 25, ತಲೆಯ ಮೇಲಿನ ಸೈಕಲ್ಲು 34, ಮೂಕಿಯ 71, ಕೂಡಿದರೆ 480. ಉಳಿದದ್ದು 40 ಕೆ.ಜಿ. ಅಷ್ಟೇ. ಅದಕ್ಕೇ ಅಜ್ಜಿಯನ್ನು ಕರೆದುಕೊಂಡು ಹೋಗುವ ಸಲ ಸೈಕಲ್ಲುಗಳು ಮನೆಯಲ್ಲೇ ಇರುತ್ತವೆ, ಡಿಕ್ಕಿಯೂ ಅರ್ಧ ಖಾಲಿ.

ಹೊಯ್ದಾಟದ ಮರುದಿನದ ಮತ್ತು ಸಾಮಾನು ಸರಿಪಡಿಸಿದ ಮೇಲಿನ ವೇಬ್ರಿಡ್ಜ್ ಚೀಟಿಗಳೆರಡರ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗವಿದ್ದರೆ ಅವನ್ನೂ ಅಚ್ಚು ಹಾಕಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಭೌತಶಾಸ್ತ್ರ ಶಿಕ್ಷಕಿ