ಓವರ್‌ಹಾಲ್ ಆದ ಹಳೆ ಎಂಜಿನ್‌ಗೆ ಯಾವ ಸ್ಪಾರ್ಕ್ ಪ್ಲಗ್?

ಮಾನ್ಯ ಸಂಪಾದಕರೇ,

ಓವರ್‌ಹಾಲ್‌ಗೆಂದು (ಪೂರ್ತಿ ಬಿಚ್ಚಿ, ಸರಿಪಡಿಸಿ ಜೋಡಿಸಲು) ಹಳೆ ಕಾರಿನ ಎಂಜಿನ್ ಬಿಚ್ಚಿದವರು ಬೋರ್ (ಸಿಲಿಂಡರ್‌ನ ಒಳ ಅಡ್ಡಳತೆ), ಪಿಸ್ಟನ್, ಕ್ರ್ಯಾಂಕ್, ಬೇರಿಂಗ್ ಎಲ್ಲವನ್ನೂ ಮೈಕ್ರೊಮೀಟರ್ ಹಿಡಿದು ಅಳೆಯುತ್ತಾರೆ. ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ವಿಚಾರಕ್ಕೆ ಬಂದಾಗ ಮಾತ್ರ ‘ಥ್ರೆಡ್ ಕೂತರೆ ಸಾಕು’ ಎಂದುಬಿಡುತ್ತಾರೆ. ಇನ್ನು ಕೆಲವರು ಹಳೆ ಮ್ಯಾನ್ಯುಯಲ್‌ನಲ್ಲಿರುವ ನಂಬರನ್ನು ಬಿಟ್ಟು ಅತ್ತಿತ್ತ ಅಲುಗಾಡುವುದಿಲ್ಲ. ಆ ನಂಬರ್ ಕೊಟ್ಟಿದ್ದು ಕಾರ್ಖಾನೆಯಿಂದ ಹೊರಬಂದ ದಿನ ಎಂಜಿನ್ ಹೇಗಿತ್ತೋ ಅದಕ್ಕೆ, ಆಗಿನ ಸೀಸ ಬೆರೆತ ಪೆಟ್ರೋಲ್‌ಗೆ. ಬೋರ್ ದೊಡ್ಡದಾಗಿ, ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಫೇಸಿಂಗ್ ಆಗಿ, ಅಂದರೆ ಅದರ ತಳ ಕೆತ್ತಿ ಸಮವಾಗಿ, ಕಿಡಿಗಾಗಿ ವಿದ್ಯುತ್ ಕಡಿಯುವ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಮೇಲೆ ಅದು ಬೇರೆಯೇ ಎಂಜಿನ್. ಹಳೆ ನಂಬರಿನಿಂದ ಶುರು ಮಾಡುವುದು ಸರಿ, ಅಲ್ಲೇ ನಿಂತುಬಿಡುವುದು ತಪ್ಪು.

ಮೊದಲು ಅಳತೆ. ಥ್ರೆಡ್‌ನ ಅಡ್ಡಳತೆ ಹೆಚ್ಚಿನ ಕಾರುಗಳಲ್ಲಿ 14 ಮಿ.ಮೀ., ಬಹಳ ಹಳೆಯವುಗಳಲ್ಲಿ 18 ಮಿ.ಮೀ. ಇದರಲ್ಲಿ ತಪ್ಪಾಗುವುದು ಕಡಿಮೆ, ಏಕೆಂದರೆ ತಪ್ಪು ಪ್ಲಗ್ ಒಳಗೇ ಹೋಗುವುದಿಲ್ಲ. ಎಡವಟ್ಟಾಗುವುದು ರೀಚ್‌ನಲ್ಲಿ, ಅಂದರೆ ಥ್ರೆಡ್ ಭಾಗದ ಉದ್ದದಲ್ಲಿ. 14 ಮಿ.ಮೀ. ಪ್ಲಗ್‌ಗಳಲ್ಲಿ 12.7 ಮತ್ತು 19 ಮಿ.ಮೀ. ರೀಚ್ ಎರಡೂ ಸಾಮಾನ್ಯ, ಎರಡೂ ಒಂದೇ ತೂತಿಗೆ ಸಲೀಸಾಗಿ ಕೂರುತ್ತವೆ. ಉದ್ದದ್ದನ್ನು ಹಾಕಿದರೆ ಥ್ರೆಡ್ ದಹನ ಕೋಣೆಯೊಳಕ್ಕೆ ಚಾಚಿಕೊಂಡು ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ನಸೀಬು ಕೆಟ್ಟರೆ ಪಿಸ್ಟನ್ ಬಂದು ಪ್ಲಗ್‌ಗೆ ಬಡಿಯುತ್ತದೆ. ಗಿಡ್ಡದ್ದನ್ನು ಹಾಕಿದರೆ ಕಿಡಿ ತೂತಿನೊಳಗೇ ಅಡಗಿ ಹೊತ್ತುವಿಕೆ ಮಂಕಾಗುತ್ತದೆ. ಖಾಲಿ ಉಳಿದ ಹೆಡ್ ಥ್ರೆಡ್‌ನಲ್ಲಿ ಮಸಿ ಗಟ್ಟಿಯಾಗುತ್ತದೆ. ಮುಂದೆ ಸರಿಯಾದ ಪ್ಲಗ್ ಹಾಕಹೋದಾಗ ಆ ಮಸಿಯೇ ಥ್ರೆಡ್ ಕಿತ್ತುಹಾಕುತ್ತದೆ. ಹೆಡ್ ಮೇಜಿನ ಮೇಲಿರುವಾಗಲೇ ಪ್ಲಗ್ ಹಾಕಿ, ತಿರುಗಿಸಿ ನೋಡಿ: ಪ್ಲಗ್‌ನ ಕೊನೆಯ ಥ್ರೆಡ್ ಮತ್ತು ಹೆಡ್‌ನ ಕೊನೆಯ ಥ್ರೆಡ್ ಒಂದೇ ಮಟ್ಟದಲ್ಲಿರಬೇಕು. ಹಿಂದೆ ಯಾರೋ ಥ್ರೆಡ್ ಇನ್ಸರ್ಟ್ (ಕೆಟ್ಟ ಥ್ರೆಡ್ ಜಾಗಕ್ಕೆ ಕೂರಿಸುವ ಹೊಸ ಥ್ರೆಡ್) ಹಾಕಿಸಿದ್ದರೆ ಅದರ ತುದಿ ಹೊರಗೆ ಇಣುಕುತ್ತಿದೆಯೇ ಎಂಬುದೂ ಆಗಲೇ ಕಾಣುತ್ತದೆ.

ಸೀಟಿನಲ್ಲೂ (ಪ್ಲಗ್ ಹೆಡ್‌ಗೆ ಒತ್ತಿ ಕೂರುವ ಭಾಗ) ಎರಡು ಬಗೆ: ವಾಷರ್ ಇರುವ ಚಪ್ಪಟೆ ಸೀಟು, ವಾಷರ್ ಇಲ್ಲದ ಇಳಿಜಾರು ಸೀಟು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬೇಡಿ.

ಮೂತಿ ಮುಂದೆ ಚಾಚಿದ ಪ್ಲಗ್‌ಗಳು ಓವರ್‌ಹೆಡ್ ವಾಲ್ವ್ (ವಾಲ್ವ್‌ಗಳು ಹೆಡ್‌ನಲ್ಲಿರುವ) ಎಂಜಿನ್‌ಗಳಿಗೆ ಒಳ್ಳೆಯವು. ನಿಧಾನ ಓಟದಲ್ಲಿ ಬೇಗ ಕಾದು ಮಸಿ ಸುಟ್ಟುಕೊಳ್ಳುತ್ತವೆ, ವೇಗದಲ್ಲಿ ಒಳಬರುವ ತಣ್ಣನೆಯ ಮಿಶ್ರಣ ಅವನ್ನು ತಂಪಾಗಿಡುತ್ತದೆ. ಆದರೆ ಹೆಡ್ ಸಾಕಷ್ಟು ಕೆತ್ತಿಸಿದ್ದರೆ, ತಲೆ ಉಬ್ಬಿದ ಪಿಸ್ಟನ್ ಹಾಕಿದ್ದರೆ ಅಥವಾ ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುವ) ಎಂಜಿನ್ ಆಗಿದ್ದರೆ ಒಳಗೆ ಜಾಗವಿದೆಯೇ ಎಂದು ನೋಡದೆ ಹಾಕಬಾರದು. ಪ್ಲಗ್‌ನ ತುದಿಗೆ ಸ್ವಲ್ಪ ಮೆತ್ತನೆಯ ಕ್ಲೇ ಮೆತ್ತಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಬಿಚ್ಚಿದರೆ ಎಷ್ಟು ಜಾಗ ಉಳಿದಿದೆ ಎಂದು ತಿಳಿಯುತ್ತದೆ.

ಈಗ ಹೀಟ್ ರೇಂಜ್. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಆಸುಪಾಸು ದಾಟಿದರೆ ಕಿಡಿಯಿಲ್ಲದೆಯೂ ಪೆಟ್ರೋಲ್ ಹೊತ್ತಿಸುತ್ತದೆ. ಈ ಎರಡರ ನಡುವೆ ತುದಿಯನ್ನು ಇಡುವುದೇ ಹೀಟ್ ರೇಂಜ್‌ನ ಕೆಲಸ. ಬಿಸಿ ಪ್ಲಗ್ ಎಂದರೆ ಕಿಡಿ ಜೋರಾಗಿರುವ ಪ್ಲಗ್ ಅಲ್ಲ, ತುದಿಯ ಶಾಖವನ್ನು ಹೆಡ್‌ಗೆ ನಿಧಾನವಾಗಿ ಬಿಟ್ಟುಕೊಡುವ ಪ್ಲಗ್. ತಣ್ಣನೆಯ ಪ್ಲಗ್ ಶಾಖವನ್ನು ಬೇಗ ದಾಟಿಸುತ್ತದೆ.

ನಂಬರ್ ಓದುವಾಗ ಕಂಪನಿ ನೋಡಿಕೊಳ್ಳಬೇಕು. ಎನ್‌ಜಿಕೆ, ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ. ಚಾಂಪಿಯನ್ ಮತ್ತು ಈಗಿನ ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಎನ್‌ಜಿಕೆಯ ಬಿಪಿ6ಇಎಸ್, ಚಾಂಪಿಯನ್‌ನ ಎನ್9ವೈಸಿ, ಬಾಷ್‌ನ ಡಬ್ಲ್ಯು7ಡಿಸಿ ಮೂರೂ ಹೆಚ್ಚು ಕಡಿಮೆ ಒಂದೇ ಪ್ಲಗ್. ಎನ್‌ಜಿಕೆ ಹೆಸರಿನಲ್ಲಿ ಬಿ ಎಂದರೆ 14 ಮಿ.ಮೀ. ಥ್ರೆಡ್, ಪಿ ಎಂದರೆ ಚಾಚಿದ ಮೂತಿ, 6 ಹೀಟ್ ರೇಂಜ್, ಇ ಎಂದರೆ 19 ಮಿ.ಮೀ. ರೀಚ್. ಇ ಇರುವಲ್ಲಿ ಎಚ್ ಇದ್ದರೆ 12.7. ಬಾಷ್‌ನ ಹಳೆ ಹೆಸರುಗಳು ಇನ್ನೂ ಮೋಸ ಮಾಡುತ್ತವೆ: ಡಬ್ಲ್ಯು145ಕ್ಕಿಂತ ಡಬ್ಲ್ಯು175 ತಣ್ಣಗೆ, ಆದರೆ ಹೊಸ ಕ್ರಮದಲ್ಲಿ 8ಕ್ಕಿಂತ 7 ತಣ್ಣಗೆ. ಹಳೆ ಪುಸ್ತಕ ನೋಡಿ ಹೊಸ ಪ್ಲಗ್ ಕೊಳ್ಳುವವರು ಇಲ್ಲಿ ತಲೆಕೆಳಗಾಗಿ ಆರಿಸುವುದುಂಟು.

ಓವರ್‌ಹಾಲ್ ಆದಮೇಲೆ ರೇಂಜ್ ಬದಲಿಸಬೇಕೇ? ಅದನ್ನು ಕಂಪ್ರೆಷನ್ (ಪಿಸ್ಟನ್ ಕೆಳಗಿದ್ದಾಗಿನ ಜಾಗ ಅದು ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದು) ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಬೋರ್ ಮತ್ತು ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡೂ ಸುಮಾರು 80 ಮಿ.ಮೀ. ಇರುವ ನಾಲ್ಕು ಸಿಲಿಂಡರ್ ಎಂಜಿನ್ ಎಂದುಕೊಳ್ಳಿ. ಒಂದು ಸಿಲಿಂಡರ್‌ಗೆ 400 ಸಿಸಿ. ಕಂಪ್ರೆಷನ್ 8 ಇದ್ದರೆ ಪಿಸ್ಟನ್ ಮೇಲೆ ನಿಂತಾಗ ಉಳಿಯುವ ಜಾಗ 400ನ್ನು 7ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 57 ಸಿಸಿ. ಬೋರ್ 1 ಮಿ.ಮೀ. ದೊಡ್ಡದಾದರೆ 400 ಹೋಗಿ 410 ಆಗುತ್ತದೆ. ಹೆಡ್‌ನಿಂದ ಅರ್ಧ ಮಿ.ಮೀ. ಕೆತ್ತಿಸಿದರೆ, ಕೋಣೆಯ ಬಾಯಿ 45 ಚದರ ಸೆಂ.ಮೀ. ಇದ್ದಲ್ಲಿ, ಎರಡು ಸಿಸಿಗಿಂತ ತುಸು ಹೆಚ್ಚು ಜಾಗ ಕಡಿಮೆಯಾಗುತ್ತದೆ. ಈಗ ಕಂಪ್ರೆಷನ್ 8.5ರ ಹತ್ತಿರ. ಇಷ್ಟಕ್ಕೆ ಪ್ಲಗ್ ಬದಲಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ತೆಳು ಗ್ಯಾಸ್ಕೆಟ್, ಉಬ್ಬು ಪಿಸ್ಟನ್ ಎಲ್ಲ ಸೇರಿ ಪೂರ್ತಿ ಒಂದು ಅಂಕ ಏರಿದ್ದರೆ, ಅದರ ಜೊತೆಗೆ ಕಾರು ಹೆಚ್ಚು ಹೊತ್ತು ವೇಗವಾಗಿ ಓಡುವಂಥದ್ದಾಗಿದ್ದರೆ, ಒಂದು ಹಂತ ತಣ್ಣನೆಯದಕ್ಕೆ ಹೋಗಿ. ಒಂದೇ ಹಂತ. ಎನ್‌ಜಿಕೆ ಲೆಕ್ಕದಲ್ಲಿ ಒಂದು ಹಂತಕ್ಕೆ ತುದಿಯ ಶಾಖ 70ರಿಂದ 100 ಡಿಗ್ರಿ ಬದಲಾಗುತ್ತದೆ, ಅದು ಸಣ್ಣದಲ್ಲ.

ಎಥನಾಲ್ ಬೆರೆತ ಪೆಟ್ರೋಲ್ ಹಾಕಿದಾಗ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ಶೇ 10ರಷ್ಟು ಬೆರೆತಿದ್ದರೆ ಸುಮಾರು ಶೇ 4ರಷ್ಟು. ಅದಕ್ಕೆ ಮದ್ದು ಕಾರ್ಬುರೇಟರ್‌ನ ಜೆಟ್ ಅಥವಾ ಸೂಜಿಯಲ್ಲಿದೆ, ಪ್ಲಗ್‌ನಲ್ಲಿಲ್ಲ.

ಎಣ್ಣೆ ತಿನ್ನುವ ಎಂಜಿನ್‌ಗೆ ಬಿಸಿ ಪ್ಲಗ್ ಹಾಕಿ ‘ಈಗ ಮಿಸ್ ಹೊಡೆಯುತ್ತಿಲ್ಲ’ ಎಂದು ಕೈತೊಳೆದುಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದರಿಂದ ರಿಂಗ್ ಅಥವಾ ವಾಲ್ವ್ ಗೈಡ್‌ನ ದೋಷ ಹಾಗೇ ಉಳಿದು, ಭಾರ ಬಿದ್ದಾಗ ಪಿಸ್ಟನ್ ತೂತಾಗುವ ಅಪಾಯವೂ ಸೇರಿಕೊಳ್ಳುತ್ತದೆ. ಒಂದೇ ಪ್ಲಗ್ ಎಣ್ಣೆಯಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲೇ ತೊಂದರೆ. ಕಂಪ್ರೆಷನ್ ಗೇಜ್ ಹಾಕಿ ಅದನ್ನು ಹುಡುಕಬೇಕು.

ಹೊಸ ರಿಂಗ್‌ಗಳು ಬೋರ್‌ಗೆ ಕೂರುವ ತನಕ ಸ್ವಲ್ಪ ಎಣ್ಣೆ ಮೇಲೆ ಬರುವುದು ಸಹಜ. ಜೋಡಿಸುವಾಗ ಸವರಿದ ಎಣ್ಣೆಯೂ ಸುಡಬೇಕು, ಚೋಕ್ ಎಳೆದು ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದೂ ಇರುತ್ತದೆ. ಅದಕ್ಕೇ ಮೊದಲ 500ರಿಂದ 800 ಕಿ.ಮೀ.ಗೆ ಮಾಮೂಲಿ ತಾಮ್ರದ ಒಳತಿರುಳಿನ ಪ್ಲಗ್‌ಗಳೇ ಸಾಕು. ಆಮೇಲೆ ಅವನ್ನು ತೆಗೆದು ಹೊಸ ಸೆಟ್ ಹಾಕಿ. ದುಬಾರಿ ಇರಿಡಿಯಂ ಪ್ಲಗ್ ಬೇಕೆಂದರೆ ಎಂಜಿನ್ ಸ್ಥಿರವಾದ ಮೇಲೆ ಹಾಕಿಕೊಳ್ಳಿ. ಅವು ಒಮ್ಮೆ ಎಣ್ಣೆ ಕುಡಿದರೆ ಚೊಕ್ಕ ಮಾಡುವುದು ಕಷ್ಟ. ತಂತಿ ಬ್ರಷ್ ಅಂತೂ ಯಾವ ಪ್ಲಗ್‌ಗೂ ಬೇಡ. ಪಿಂಗಾಣಿಯ ಮೇಲೆ ಲೋಹದ ಗೆರೆಗಳು ಉಳಿದು, ವಿದ್ಯುತ್ ಗ್ಯಾಪ್ (ಪ್ಲಗ್‌ನ ನಡುವಿನ ಕಡ್ಡಿಗೂ ಹೊರಗಿನ ಕೊಕ್ಕೆಗೂ ಇರುವ ಸಂದು) ಹಾರುವ ಬದಲು ಆ ಗೆರೆಗಳ ಮೇಲೆ ಹರಿದುಹೋಗುತ್ತದೆ.

ಗ್ಯಾಪ್: ಪಾಯಿಂಟ್ ಮತ್ತು ಹಳೆ ಕಾಯಿಲ್ (ಕಿಡಿಗೆ ವೋಲ್ಟೇಜ್ ಏರಿಸುವ ಸುರುಳಿ) ಇದ್ದರೆ 0.6ರಿಂದ 0.65 ಮಿ.ಮೀ.; ಒಳ್ಳೆಯ ಕಾಯಿಲ್ ಜೊತೆ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ 0.8ರಿಂದ 0.9 ತನಕ, ಕಿಟ್ ಮಾಡಿದವರು ಹೇಳಿದಷ್ಟು. ಕಂಪ್ರೆಷನ್ ಏರಿದಂತೆ ಅದೇ ಗ್ಯಾಪ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಗ್ಯಾಪ್ ದೊಡ್ಡದು ಮಾಡಿದರೆ ಪಿಕಪ್ ಹೆಚ್ಚುತ್ತದೆ ಎಂದು ಪಾಯಿಂಟ್ ಇರುವ ಎಂಜಿನ್‌ನಲ್ಲಿ ಹಿಗ್ಗಿಸಿದರೆ ಏರು ರಸ್ತೆಯಲ್ಲಿ ಮಿಸ್ ಹೊಡೆಯುತ್ತದೆ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಗೆ ಒತ್ತು ಬಿದ್ದರೆ ಪಿಂಗಾಣಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಹೆಸರಿನಲ್ಲಿ ಆರ್ ಇರುವ ಪ್ಲಗ್‌ನೊಳಗೆ ಸುಮಾರು 5 ಕಿಲೊ ಓಮ್ ರೆಸಿಸ್ಟರ್ ಇರುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರು ಪ್ಲಗ್‌ನಲ್ಲಿ ಇಲ್ಲವೇ ವೈರ್‌ನಲ್ಲಿ ರೆಸಿಸ್ಟೆನ್ಸ್ ಇಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಕಿಡಿಯಿಂದೇಳುವ ವಿದ್ಯುತ್ ಅಲೆಗಳು ಇಗ್ನಿಷನ್ ಮಾಡ್ಯೂಲನ್ನು ಕೆಡಿಸಬಹುದು. ಪ್ಲಗ್, ಕ್ಯಾಪ್, ವೈರ್, ರೋಟರ್ ನಾಲ್ಕರಲ್ಲೂ ಇಡುವುದು ಅನಗತ್ಯ.

ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಣೆ) ಇದ್ದ ಕಾರನ್ನು ನೆಗೆಟಿವ್‌ಗೆ ಬದಲಿಸಿದವರು ಕಾಯಿಲ್‌ನ ಎರಡು ಸಣ್ಣ ವೈರ್‌ಗಳನ್ನೂ ಅದಲು ಬದಲು ಮಾಡಬೇಕು. ಪ್ಲಗ್‌ನ ನಡುವಿನ ಕಡ್ಡಿ ಬಿಸಿಯಾಗಿರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುತ್ತವೆ, ಆದ್ದರಿಂದ ಅದು ನೆಗೆಟಿವ್ ಆಗಿರಬೇಕು. ಉಲ್ಟಾ ಆದರೂ ಕಾರು ಸ್ಟಾರ್ಟ್ ಆಗುತ್ತದೆ, ಆದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗಿ ಭಾರದಲ್ಲಿ ಸೋಲುತ್ತದೆ. ಪ್ಲಗ್ ಮೇಲೆ ಪ್ಲಗ್ ಬದಲಿಸಿದರೂ ಮಿಸ್ ಹೋಗದ ಎಷ್ಟೋ ಕಾರುಗಳಲ್ಲಿ ಕಾರಣ ಇದು.

ಕೂರಿಸುವುದು ತಣ್ಣಗಿರುವ ಎಂಜಿನ್‌ಗೆ. ಗಾಳಿ ಊದಿ ಗುಂಡಿಯಲ್ಲಿನ ದೂಳು ತೆಗೆದು, ಪ್ಲಗ್‌ನ ಬಾಲಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹೋದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30, ಬೀಡು ಹೆಡ್‌ನಲ್ಲಿ 25ರಿಂದ 35 ನ್ಯೂಟನ್ ಮೀಟರ್. ಇಳಿಜಾರು ಸೀಟಿನದಕ್ಕೆ ಅಲ್ಯೂಮಿನಿಯಂನಲ್ಲಿ 10ರಿಂದ 20 ಮಾತ್ರ. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ ವಾಷರ್ ಆದರೆ ಕೈಬಿಗಿಯ ನಂತರ ಅರ್ಧ ಸುತ್ತು, ಒಮ್ಮೆ ಬಳಸಿದ ವಾಷರ್ ಆದರೆ ಸುತ್ತಿನ ಹನ್ನೆರಡನೇ ಒಂದು ಭಾಗ. ಲೇಪನವಿರುವ ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. ಜಾರಿಕೆ ಹೆಚ್ಚಿ, ಅದೇ ಟಾರ್ಕ್‌ನಲ್ಲಿ ಬಿಗಿ ಮಿತಿ ಮೀರುತ್ತದೆ.

ಆಯ್ಕೆ ಸರಿಯಿದೆಯೇ ಎಂದು ತಿಳಿಯಲು ಐಡ್ಲಿಂಗ್‌ನಲ್ಲಿ ನಿಂತ ಎಂಜಿನ್‌ನ ಪ್ಲಗ್ ನೋಡಿ ಪ್ರಯೋಜನವಿಲ್ಲ. ಖಾಲಿ, ಸುರಕ್ಷಿತ ಜಾಗದಲ್ಲಿ ಟಾಪ್ ಗೇರ್‌ನಲ್ಲಿ ಭಾರ ಹಾಕಿ ಓಡಿಸಿ, ಕ್ಲಚ್ ಒತ್ತಿದ ಕೂಡಲೇ ಇಗ್ನಿಷನ್ ಆಫ್ ಮಾಡಿ, ನಿಂತಮೇಲೆ ಬಿಚ್ಚಬೇಕು. ಸ್ಟೀರಿಂಗ್ ಲಾಕ್ ಇರುವ ಕಾರಿನಲ್ಲಿ ಕೀಲಿಯನ್ನು ಲಾಕ್ ತನಕ ತಿರುಗಿಸಬೇಡಿ. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಹಿಂದಿನ ಬಿಸ್ಕತ್ ಬಣ್ಣ ಅಷ್ಟಾಗಿ ಬರುವುದಿಲ್ಲ. ತಿಳಿ ಬೂದು ಕಂಡು ಗಾಬರಿಯಾಗಬೇಡಿ. ಹೊರಗಿನ ಕೊಕ್ಕೆಯ ಮೇಲೆ ಶಾಖದ ಬಣ್ಣ ಬದಲಾದ ಗೆರೆ ಬಾಗಿನ ಹತ್ತಿರ ಇದ್ದರೆ ರೇಂಜ್ ಸರಿ. ಗೆರೆ ತುದಿಗೆ ಸರಿದಿದ್ದರೆ ಪ್ಲಗ್ ತಣ್ಣಗಿದೆ, ಬುಡದ ಕಡೆ ಇಳಿದು ಥ್ರೆಡ್ ಮುಟ್ಟಿದ್ದರೆ ಬಿಸಿ ಹೆಚ್ಚಾಗಿದೆ. ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಸಣ್ಣ ಹೊಳೆಯುವ ಚುಕ್ಕೆಗಳು ಕಂಡರೆ ಕಾರನ್ನು ಮುಂದೆ ಓಡಿಸಬೇಡಿ. ಅದು ಪಿಸ್ಟನ್‌ನಿಂದ ಬಂದದ್ದು. ಟೈಮಿಂಗ್ (ಕಿಡಿ ಹಾರುವ ಸಮಯ) ಮತ್ತು ಮಿಶ್ರಣ ಎರಡನ್ನೂ ಮೊದಲು ನೋಡಬೇಕು. ಪಿಂಗಾಣಿ ಹೊರಗಡೆ ಲೋಹದ ಅಂಚಿಗೆ ತಾಗುವಲ್ಲಿ ಕಾಣುವ ಕಂದು ಉಂಗುರ ಮಾತ್ರ ದೋಷವಲ್ಲ. ಹೆಚ್ಚಿನ ವೋಲ್ಟೇಜ್‌ಗೆ ಎಣ್ಣೆಯ ಕಣಗಳು ಅಲ್ಲಿ ಅಂಟಿಕೊಂಡಿರುತ್ತವೆ ಅಷ್ಟೆ. ಅದನ್ನು ಗ್ಯಾಸ್ ಸೋರಿಕೆ ಎಂದು ತಿಳಿದು ಒಳ್ಳೆಯ ಪ್ಲಗ್ ಎಸೆಯಬೇಡಿ.

ಇಂತಿ,
ಹಳೆ ಎಂಜಿನ್‌ಗಳ ಕೆಲಸ ಮಾಡುವ ಓದುಗರು