ದಾರಿ ಮುಗಿಯುವಲ್ಲಿ ದಾರಿಯೆನ್

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನಾನು ದಾರಿಯೆನ್ ಅಂದಾಗ ನೀನು "ಯಾವ ದಾರಿ ಮಾರಾಯಾ?" ಅಂತ ಕೇಳಿದೆ. ಅಷ್ಟರಲ್ಲಿ ಲೈನ್ ಕಟ್ ಆಯಿತು. ನಿನ್ನೆ ಪನಾಮಾ ನಗರಕ್ಕೆ ವಾಪಸ್ ಬಂದೆ. ಈಗ ಕೂತು ಬರೆಯುತ್ತಿದ್ದೇನೆ.

ಪನಾಮಾ ದೇಶದ ಪೂರ್ವ ತುದಿಯಲ್ಲಿ, ಕೊಲಂಬಿಯಾದ ಗಡಿಗೆ ತಾಗಿ, ದಾರಿ ಮುಗಿಯುವ ಸೀಮೆ ಅದು. ಅಲಾಸ್ಕದ ಕಡೆಯಿಂದ ಇಳಿದು ಬರುವ ಪ್ಯಾನ್ ಅಮೆರಿಕನ್ ಹೆದ್ದಾರಿ ಯಾವೀಸಾ ಅನ್ನುವ ಹೊಳೆದಂಡೆಯ ಪೇಟೆಯಲ್ಲಿ ನಿಂತುಬಿಡುತ್ತದೆ. ಮತ್ತೆ ಶುರುವಾಗುವುದು ಕೊಲಂಬಿಯಾದಲ್ಲಿ. ನಡುವೆ ಸುಮಾರು 100 ಕಿ.ಮೀ. ಬರೀ ಕಾಡು, ಕೆಸರು, ಹೊಳೆ. ರಸ್ತೆ ಮಾಡಲು ಹೊರಟಿದ್ದರು. 1970ರ ದಶಕದಲ್ಲಿ ಅಮೆರಿಕದ ಕೋರ್ಟು ತಡೆಯಿತು. ಅದಕ್ಕೆ ಒಂದು ಕಾರಣ ಏನು ಗೊತ್ತಾ? ಕಾಲುಬಾಯಿ ಜ್ವರ. ದಕ್ಷಿಣದ ದನಗಳಲ್ಲಿದ್ದ ರೋಗ ರಸ್ತೆ ಹಿಡಿದು ಉತ್ತರಕ್ಕೆ ಬಂದರೆ ಅನ್ನುವ ಹೆದರಿಕೆ. ಕೊಟ್ಟಿಗೆಯಿದ್ದ ಮನೆಯಲ್ಲಿ ಬೆಳೆದ ನಿನಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಜಾಗಕ್ಕೆ ಇಂಗ್ಲಿಷಿನವರು 'ಗ್ಯಾಪ್' ಅನ್ನುತ್ತಾರೆ. ಸ್ಪ್ಯಾನಿಷಿನಲ್ಲಿ 'ತಪೋನ್', ಅಂದರೆ ಬಿರಡೆ. ಒಬ್ಬರಿಗೆ ಖಾಲಿ ಜಾಗ, ಇನ್ನೊಬ್ಬರಿಗೆ ಬಾಯಿಗೆ ತುರುಕಿದ ಬಿರಡೆ. ಎರಡೂ ಹಾದು ಹೋಗುವವರು ಇಟ್ಟ ಹೆಸರು. ಟಿವಿಯಲ್ಲಿ ನೀನು ನೋಡಿದ್ದೂ ಹಾದು ಹೋದವರನ್ನೇ. 2023ರಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಅಮೆರಿಕ ಸೇರುವ ಆಸೆಯಲ್ಲಿ ಈ ಕಾಡನ್ನು ನಡೆದು ದಾಟಿದರು. ಅದರಲ್ಲಿ ನಮ್ಮ ದೇಶದವರೂ ಇದ್ದರು. ಅವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಅಲ್ಲೇ ಹುಟ್ಟಿ ಅಲ್ಲೇ ಬದುಕುವವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ನನಗೆ ಅದೇ ಸಂಕಟ.

ಹೆಸರಿನ ಕತೆ ಹೇಳಿಬಿಡುತ್ತೇನೆ. ಉರಾಬಾ ಕೊಲ್ಲಿಯ ಹತ್ತಿರ ಒಂದು ಹೊಳೆ. ಅಲ್ಲಿಯವರು ಅದಕ್ಕೆ ತರೇನಾ ಅಂತಲೋ ತನೇಲಾ ಅಂತಲೋ ಕರೆಯುತ್ತಿದ್ದರಂತೆ. ಸ್ಪೇನಿನವರ ಬಾಯಲ್ಲಿ ಅದು ದಾರಿಯೆನ್ ಆಯಿತು. 1510ರಲ್ಲಿ ಅಲ್ಲೊಂದು ಊರು ಕಟ್ಟಿ ಅದಕ್ಕೂ ಅದೇ ಹೆಸರು ಸೇರಿಸಿದರು. ಆ ಊರು ಹಾಳುಬಿತ್ತು. ಆ ಜಾಗ ಇರುವುದೂ ಇವತ್ತಿನ ಕೊಲಂಬಿಯಾದಲ್ಲಿ. ಹೆಸರು ಮಾತ್ರ ಗಡಿಯ ಈಚೆ ಪನಾಮಾದ ಪ್ರಾಂತ್ಯಕ್ಕೆ ಉಳಿಯಿತು. ಪಶ್ಚಿಮದ ಸ್ಯಾನ್ ಮಿಗೆಲ್ ಕೊಲ್ಲಿಯದ್ದು ಇನ್ನೂ ಸುಲಭ: 1513ರ ಸೆಪ್ಟೆಂಬರ್ 29ಕ್ಕೆ ಸ್ಪೇನಿನ ದಂಡಿನ ನಾಯಕ ಬಲ್ಬೋವಾ ಪೆಸಿಫಿಕ್ ನೀರಿಗೆ ಇಳಿದ. ಅವತ್ತು ಸಂತ ಮಿಗೆಲನ ಹಬ್ಬ. ತಲೆಮಾರುಗಟ್ಟಲೆ ಅಲ್ಲೇ ಮೀನು ಹಿಡಿದವರು ಆ ಕೊಲ್ಲಿಯನ್ನು ಏನೆಂದು ಕರೆಯುತ್ತಿದ್ದರೋ, ಯಾರು ಕೇಳಿದರು?

ಪ್ರಾಂತ್ಯ ನಮ್ಮ ಉತ್ತರ ಕನ್ನಡಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ 50 ಸಾವಿರದ ಆಸುಪಾಸು. ಮುಖ್ಯ ಪಟ್ಟಣ ಲಾ ಪಾಲ್ಮಾಗೆ ನಾನು ಹೋಗಿದ್ದು ದೋಣಿಯಲ್ಲಿ. ತುಯಿರಾ ನದಿ ಸಮುದ್ರ ಸೇರುವ ಜಾಗ ಅದು. ಉಬ್ಬರ ಎಷ್ಟು ಜೋರು ಅಂದರೆ, ಬೆಳಿಗ್ಗೆ ಮನೆಗಳ ಕಂಬ ಮುಳುಗಿಸಿದ ನೀರು ಮಧ್ಯಾಹ್ನ ನೋಡಿದರೆ ಇಲ್ಲ, ಬರೀ ಕೆಸರು. ದೋಣಿಗಳ ವೇಳಾಪಟ್ಟಿಯೂ ಉಬ್ಬರ ಇಳಿತ ನೋಡಿಕೊಂಡೇ.

ಅಲ್ಲಿಂದ ಸಾಂಬೂ ಹೊಳೆಯ ಕಡೆ ಹೋದೆ. ಅಲ್ಲಿ ಎಂಬೆರಾ ಮತ್ತು ವೌನಾನ್ ಜನ. ಹಿಂದೆ ಹೊರಗಿನವರು ಇಬ್ಬರನ್ನೂ ಸೇರಿಸಿ 'ಚೋಕೋ' ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಎಂಬೆರಾ ಅಂದರೆ ಜನ. ವೌನಾನ್ ಅಂದರೂ ಜನ. ಇನ್ನೂ ಒಂದು ಬುಡಕಟ್ಟು ಗುನಾ. ಅವರು ತಮ್ಮನ್ನು 'ದುಲೆ' ಅಂದುಕೊಳ್ಳುತ್ತಾರೆ, ಅದರ ಅರ್ಥವೂ ಅದೇ. ಇದನ್ನು ತಿಳಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. 1983ರಲ್ಲಿ ಎಂಬೆರಾ ವೌನಾನರಿಗೆ ದಾರಿಯೆನ್‌ನಿಂದಲೇ ಬಿಡಿಸಿ ಅವರದೇ ಆಡಳಿತದ ಸೀಮೆ ಸಿಕ್ಕಿತು. ಅದನ್ನು ಕೊಮಾರ್ಕಾ ಅನ್ನುತ್ತಾರೆ. ಅವರ ಹೆಸರು ನಕ್ಷೆಯ ಮೇಲೆ ಬಂದಿದ್ದು ಹಾಗೆ.

ಮನೆಗಳು ಎತ್ತರದ ಕಂಬಗಳ ಮೇಲೆ, ಮಾಡು ತಾಳೆ ಗರಿಯದು. ಮೆಟ್ಟಿಲೆಂದರೆ ಒಂದೇ ಮರದ ದಿಮ್ಮಿ. ಕಾಲಿಡಲು ಅದರಲ್ಲೇ ಕಚ್ಚು ಕೊರೆದಿರುತ್ತಾರೆ. ರಾತ್ರಿ ಕಚ್ಚಿನ ಮೈ ಕೆಳಗಾಗುವ ಹಾಗೆ ತಿರುಗಿಸಿಟ್ಟರೆ ಮುಗಿಯಿತು, ಬಾಗಿಲು ಹಾಕಿದ ಹಾಗೆ.

ನಾನು ಉಳಿದ ಮನೆಯ ಅಜ್ಜಿ ಒಂದು ಹಸಿರು ಕಾಯಿ ತುರಿದು, ಬಟ್ಟೆಯಲ್ಲಿ ಹಿಂಡಿ ರಸ ತೆಗೆದರು. ಸ್ಪ್ಯಾನಿಷಿನಲ್ಲಿ ಹಾಗ್ವಾ, ಅವರಿಗೆ ಕಿಪರಾ. ಬಿದಿರು ಕಡ್ಡಿಯಲ್ಲಿ ನನ್ನ ಮುಂಗೈಗೆ ಗೆರೆ ಎಳೆದಾಗ ಏನೂ ಕಾಣಲಿಲ್ಲ, ನೀರಿನ ಹಾಗೆ ಇತ್ತು. ಬೆಳಿಗ್ಗೆ ಎದ್ದರೆ ಕಡುಕಪ್ಪು! ಮದರಂಗಿಯ ಹಾಗೆ ಬಣ್ಣ ಕೂತಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗುವುದಿಲ್ಲ. ಹತ್ತು ಹನ್ನೆರಡು ದಿನ ಇರುತ್ತದಂತೆ.

ಅಮ್ಮನಿಗೆ ಅಂತ ಒಂದು ಬುಟ್ಟಿ ಕೊಂಡಿದ್ದೇನೆ. ಚುಂಗಾ ಅನ್ನುವ ಮುಳ್ಳು ತಾಳೆಯ ಎಳೆಗಳದ್ದು. ನೀರು ಹೊಯ್ದರೂ ನಿಲ್ಲುತ್ತದೇನೋ ಅನ್ನುವಷ್ಟು ಬಿಗಿ ಹೆಣಿಗೆ. ಕಪ್ಪು ಬಣ್ಣ ಕೊಕೊಬೋಲೊ ಮರದ ಚಕ್ಕೆಯಿಂದ ಬರುತ್ತದೆ. ಹಳದಿ ಯಾವುದರಿಂದ ಅಂತ ಕೇಳಿದೆ. ಅಜ್ಜಿ ಹಿತ್ತಲಿಗೆ ಹೋಗಿ ಒಂದು ಗಡ್ಡೆ ಕಿತ್ತು ತಂದು ಉಗುರಿನಿಂದ ಕೆರೆದು ತೋರಿಸಿದರು. ಅರಿಸಿನ! ನಮ್ಮ ಅರಿಸಿನವೇ. ವಾಸನೆಗೇ ಗೊತ್ತಾಯಿತು.

ಮುಂದಿನ ವಾರ ಪಾರ್ಸೆಲ್ ಹಾಕುತ್ತೇನೆ. ಬಂದ ಕೂಡಲೇ ಅಮ್ಮನ ಕೈಗೆ ಕೊಡು. ಹಳದಿ ಎಳೆಯ ಮೇಲೆ ಬೆರಳಿಟ್ಟು, ಇದು ಯಾವುದರ ಬಣ್ಣ ಅಂತ ಕೇಳು.

ನಿನ್ನ ಗೆಳೆಯ